ಪರದೆ ತನ್ನ ಹೆಸರು ಹೇಳದಿದ್ದರೆ

(ಉಡುಪಿಯಲ್ಲಿ, ವಿಂಡೋಸಿನ ಬದಲು ಲಿನಕ್ಸ್ ಬಳಸುವ ಒಂದಷ್ಟು ಜನ ಭಾನುವಾರ ಸೇರಿದಾಗ ಆಡಿದ ಮಾತಿನ ಬರಹ ರೂಪ. ಅಂದು ಬೋರ್ಡಿನ ಮೇಲೆ ಬರೆದು ತೋರಿಸಿದ ಕಮಾಂಡುಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆಯೇ ಕೊಟ್ಟಿದೆ.)

ಮೊದಲು ಈ ಗೋಡೆಯ ಮೇಲಿನ ಚಿತ್ರ ನೋಡಿ. ನಾನು ಸ್ಲೈಡಿನಲ್ಲಿ ಬರೆದದ್ದು ಬಳೆಯ ಹಾಗೆ ಉರುಟಾದ ವೃತ್ತ. ಇಲ್ಲಿ ಕಾಣುತ್ತಿರುವುದು ಅಡ್ಡ ಮಲಗಿದ ಕೋಳಿಮೊಟ್ಟೆ. ಅಕ್ಷರಗಳೂ ಅಷ್ಟೇ, ಯಾರೋ ಎರಡು ಕಡೆ ಹಿಡಿದು ಎಳೆದ ಹಾಗೆ ಉಂಟು. ಸೆಟ್ಟಿಂಗ್ಸ್ ತೆರೆದು ಡಿಸ್‌ಪ್ಲೇ ಒತ್ತಿದರೆ ರೆಸಲ್ಯೂಷನ್ ಪಟ್ಟಿಯಲ್ಲಿ, ಅಂದರೆ ಅಡ್ಡಕ್ಕೆ ಎಷ್ಟು ಚುಕ್ಕಿ, ಉದ್ದಕ್ಕೆ ಎಷ್ಟು ಅನ್ನುವ ಪಟ್ಟಿಯಲ್ಲಿ, ಇರುವುದು ನಾಲ್ಕೇ ನಾಲ್ಕು: 1024 × 768, 800 × 600, 848 × 480, 640 × 480. ಪ್ರೊಜೆಕ್ಟರಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಮಾತ್ರ 1280 × 800 ಅಂತ ಬರೆದಿದೆ. ಸದ್ಯಕ್ಕೆ ಇದನ್ನು ಮುಟ್ಟುವುದು ಬೇಡ. ಕೊನೆಗೆ ನಿಮ್ಮೆದುರೇ ಸರಿ ಮಾಡುವ. ಆ 848 × 480 ಅನ್ನುವ ವಿಚಿತ್ರ ಸಂಖ್ಯೆಯನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಇಂಥ ತೊಂದರೆ ಬಂದಾಗ ನಾವೆಲ್ಲ ಮಾಡುವುದು ಒಂದೇ. ಹುಡುಕುತ್ತೇವೆ, ಎಲ್ಲೋ ಮೂರು ಸಾಲಿನ ಕಮಾಂಡ್ ಸಿಗುತ್ತದೆ, ಅರ್ಥ ಆಗದಿದ್ದರೂ ಹಾಕುತ್ತೇವೆ. ಆಗಲಿಲ್ಲವಾ, ಇನ್ನೊಂದು ಮೂರು ಸಾಲು. ರಾತ್ರಿ ಹನ್ನೊಂದು ದಾಟಿದ ಮೇಲೆ "ಈ ಲಿನಕ್ಸಿನ ಸಹವಾಸವೇ ಬೇಡ ಮಾರಾಯ್ರೇ" ಅಂತ ಮುಚ್ಚಿಡುತ್ತೇವೆ. ನಾನೂ ಹಾಗೇ ಮಾಡಿದವನು. ಈಗ ನನಗೆ ಅನಿಸುವುದು ಇಷ್ಟು: ಈ ತೊಂದರೆಗಳಲ್ಲಿ ಜಾಸ್ತಿ ಪಾಲು ಪರಿಚಯ ತಪ್ಪಿದ್ದರಿಂದ ಬರುವಂಥವು. ಯಾರು ಯಾರಿಗೆ ಹೆಸರು ಹೇಳಲಿಲ್ಲ ಅಂತ ಮೊದಲು ನೋಡಬೇಕು. ಕಮಾಂಡ್ ಆಮೇಲೆ.

ಯಕ್ಷಗಾನದ ಆಟ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ವೇಷ ರಂಗಸ್ಥಳಕ್ಕೆ ಬರುತ್ತದೆ, ಕುಣಿಯುತ್ತದೆ. ಆಮೇಲೆ ಭಾಗವತರು ಕೇಳುತ್ತಾರೆ, ತಾವು ಯಾರು, ಎಲ್ಲಿಂದ ಬಂದದ್ದು ಅಂತ. ವೇಷ ತನ್ನ ಪೀಠಿಕೆ ಹೇಳುತ್ತದೆ: ಊರು ಯಾವುದು, ವಂಶ ಯಾವುದು, ಬಲ ಎಷ್ಟು. ನೀವು ಕೇಬಲ್ ಚುಚ್ಚಿದ ಕೂಡಲೇ ಲ್ಯಾಪ್‌ಟಾಪಿಗೂ ಪರದೆಗೂ ನಡುವೆ ಇದೇ ಮಾತುಕತೆ ನಡೆಯುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್ ಕೇಳುತ್ತದೆ, ನೀನು ಯಾರು. ಪರದೆ 128 ಬೈಟಿನ ಒಂದು ಪೀಠಿಕೆ ಒಪ್ಪಿಸುತ್ತದೆ. ಅದರ ಹೆಸರು ಇಡಿಐಡಿ. ವೆಸಾ ಅನ್ನುವ ಸಂಸ್ಥೆ 1994ರಲ್ಲಿ ಮಾಡಿದ ಕ್ರಮ ಇದು. 128 ಬೈಟ್ ಅಂದರೆ ಒಂದು ಎಸ್ಸೆಮ್ಮೆಸ್ಸಿಗಿಂತಲೂ ಚಿಕ್ಕದು. ಎಸ್ಸೆಮ್ಮೆಸ್ಸಿಗೆ 140 ಬೈಟ್ ಜಾಗ ಉಂಟು. ಹೊಸ ಪರದೆಗಳು ಇದರ ಹಿಂದೆ ಇನ್ನೊಂದು 128 ಸೇರಿಸಿ 256 ಕೊಡುತ್ತವೆ.

ಅಷ್ಟು ಸಣ್ಣದರಲ್ಲಿ ಏನೆಲ್ಲ ತುಂಬಿಸಿದ್ದಾರೆ ನೋಡಿ. ಶುರುವಿನ ಎಂಟು ಬೈಟ್ ಯಾವಾಗಲೂ ಒಂದೇ: ಮೊದಲನೆಯದೂ ಎಂಟನೆಯದೂ ಸೊನ್ನೆ, ನಡುವಿನ ಆರೂ ಪೂರ್ತಿ ತುಂಬಿದ 255. ಚೆಂಡೆಯ ಪೆಟ್ಟಿನ ಹಾಗೆ, ಇಲ್ಲಿಂದ ಶುರು ಅಂತ ಹೇಳುವುದಕ್ಕೆ. ಆಮೇಲೆ ತಯಾರಕರ ಮೂರಕ್ಷರದ ಗುರುತು, ಅದನ್ನು ಹಿಂಡಿ ಎರಡೇ ಬೈಟಿಗೆ ಇಳಿಸಿದ್ದಾರೆ. ತಯಾರಾದ ವಾರ, ವರ್ಷ. ವರ್ಷವನ್ನು 1990ರಿಂದ ಎಣಿಸಬೇಕು, 21 ಅಂತ ಇದ್ದರೆ 2011. ಅಗಲ ಎತ್ತರ ಸೆಂಟಿಮೀಟರಿನಲ್ಲಿ. ಪ್ರೊಜೆಕ್ಟರ್ ಆದರೆ ಅಲ್ಲಿ ಸೊನ್ನೆ, ಯಾಕೆಂದರೆ ಗೋಡೆ ಎಷ್ಟು ದೂರ ಅಂತ ಅದಕ್ಕೇನು ಗೊತ್ತು. ಯಾವ ಯಾವ ರೆಸಲ್ಯೂಷನ್ ಆಗುತ್ತದೆ, ಯಾವುದು ಸ್ವಂತದ್ದು ಅಂತ ಹೇಳುತ್ತದೆ. ಕೊನೆಯ ಬೈಟ್ ಲೆಕ್ಕ ಒಪ್ಪಿಸುವುದಕ್ಕೆ: 128ನ್ನೂ ಕೂಡಿಸಿ 256ರಿಂದ ಭಾಗಿಸಿದರೆ ಶೇಷ ಉಳಿಯಬಾರದು. ಉಳಿದರೆ ದಾರಿಯಲ್ಲಿ ಎಲ್ಲೋ ಮಾತು ಕೆಟ್ಟಿದೆ ಅಂತ ಅರ್ಥ.

ಒಟ್ಟಿನಲ್ಲಿ ಪರದೆಯ ಜಾತಕ. ಒಬ್ಬರು ಹೊಸ ಸ್ಟಾಕು ಅಂತ ತೆಗೆದುಕೊಂಡ ಮಾನಿಟರನ್ನು ನನ್ನ ಹತ್ತಿರ ತಂದಿದ್ದರು. ಜಾತಕ ತೆಗೆದು ನೋಡಿದರೆ ಹುಟ್ಟಿ ಆರು ವರ್ಷ ಆಗಿತ್ತು. ಹೇಳಬಾರದಿತ್ತು ಅಂತ ಆಮೇಲೆ ಅನಿಸಿತು, ಸುಮ್ನೆ ಖುಷಿಯಲ್ಲಿದ್ದರು.

ಇನ್ನು ಮುಖ್ಯ ವಿಷಯ. ಪೀಠಿಕೆಯೇ ಕೇಳಿಸದಿದ್ದರೆ ಕರ್ನಲ್ ಎಂತ ಮಾಡುತ್ತದೆ? ಯಾವ ಪರದೆಗಾದರೂ ಅಪಾಯ ಆಗದ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ, ಅದನ್ನೇ ಕೊಡುತ್ತದೆ. ಅದರಲ್ಲಿ ಅತಿ ದೊಡ್ಡದು 1024 × 768, ಜೊತೆಗೆ ಬೇರೆಲ್ಲೂ ಅಷ್ಟಾಗಿ ಕಾಣದ ಆ 848 × 480. ಅದಕ್ಕೇ ನೆನಪಿಟ್ಟುಕೊಳ್ಳಿ ಅಂದದ್ದು. ಹೊರಗಿನ ಪರದೆಯ ಪಟ್ಟಿಯಲ್ಲಿ ಈ ನಾಲ್ಕೇ ಇವೆ ಅಂದರೆ ಇದು ಸೆಟ್ಟಿಂಗಿನಲ್ಲಿ ಆದ ತಪ್ಪಲ್ಲ ಅಂತ ತಿಳಿಯಿರಿ. ಪರದೆ ಹೆಸರು ಹೇಳಿಲ್ಲ, ಇಲ್ಲವೇ ಹೇಳಿದ್ದು ಕೇಳಿಲ್ಲ.

ಇದನ್ನು ಖಾತ್ರಿ ಮಾಡಿಕೊಳ್ಳಲು ಒಂದೇ ಸಾಲು ಸಾಕು. ಸಿಸ್ ಅನ್ನುವ ಫೋಲ್ಡರಿನ ಒಳಗೆ ಕ್ಲಾಸ್, ಅದರ ಒಳಗೆ ಡಿಆರ್‌ಎಮ್. ಅಲ್ಲಿ ಪರದೆ ಚುಚ್ಚುವ ಪ್ರತಿಯೊಂದು ಕಿಂಡಿಗೂ ಒಂದು ಫೋಲ್ಡರ್ ಇರುತ್ತದೆ. ಲ್ಯಾಪ್‌ಟಾಪಿನ ಸ್ವಂತ ಪರದೆ ಇಡಿಪಿ-1, ಹೊರಗಿನದು ವಿಜಿಎ-1 ಅಥವಾ ಎಚ್‌ಡಿಎಮ್‌ಐ-ಎ-1. ಪ್ರತಿಯೊಂದರಲ್ಲೂ ಇಡಿಐಡಿ ಅನ್ನುವ ಫೈಲ್ ಉಂಟು. ಅದನ್ನು ಕ್ಯಾಟ್ ಮಾಡಿ, ಅಂದರೆ ಓದಿಸಿ, ಬಂದದ್ದನ್ನು ಮುಂದಿನ ಕಮಾಂಡಿಗೆ ದಾಟಿಸುವ ಪೈಪ್ ಹಾಕಿ, ಡಬ್ಲ್ಯೂಸಿ ಮೈನಸ್ ಸಿ ಅಂತ ಕೊಡಿ. ಬೈಟ್ ಎಣಿಸಿ ಹೇಳುತ್ತದೆ. 128 ಅಥವಾ 256 ಬಂದರೆ ಪರಿಚಯ ಆಗಿದೆ. ಸೊನ್ನೆ ಬಂದರೆ ಆಗಿಲ್ಲ. ಎಲ್‌ಎಸ್ ಹಾಕಿ ಫೈಲಿನ ಗಾತ್ರ ನೋಡಲು ಹೋಗಬೇಡಿ. ಆ ಫೋಲ್ಡರಿನಲ್ಲಿ ಅದು ಯಾವಾಗಲೂ ಸೊನ್ನೆಯೇ ತೋರಿಸುತ್ತದೆ. ನಾನು ಒಮ್ಮೆ ಅದನ್ನು ನಂಬಿ, ಏನೂ ಆಗದ ಕೇಬಲನ್ನು ಬಿಸಾಡಿದ್ದೇನೆ.

ಸೊನ್ನೆ ಬಂತು ಅಂತಿಟ್ಟುಕೊಳ್ಳಿ. ಚಿತ್ರ ಬರುತ್ತಿದೆಯಲ್ಲ, ಕೇಬಲ್ ಸರಿಯೇ ಇರಬೇಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹಾಗಲ್ಲ. ಈ ನೀಲಿ ಮೂತಿಯ ವಿಜಿಎ ಕೇಬಲ್ ನೋಡಿ. ಮೂರು ಸಾಲು, ಸಾಲಿಗೆ ಐದು, ಒಟ್ಟು 15 ಪಿನ್. ಕೆಂಪು, ಹಸಿರು, ನೀಲಿ ಬಣ್ಣಗಳು ಮೇಲಿನ ಸಾಲಿನ 1, 2, 3ರಲ್ಲಿ ಹೋಗುತ್ತವೆ. ಪರಿಚಯದ ಮಾತು ನಡೆಯುವುದು ಕೆಳಸಾಲಿನ 12 ಮತ್ತು 15ರಲ್ಲಿ. ಎರಡೂ ಬೇರೆ ಬೇರೆ ತಂತಿ. 12ನೇ ಪಿನ್ ಬಗ್ಗಿ ಒಳಗೆ ಮಲಗಿದ್ದರೂ ಚಿತ್ರ ಚೆನ್ನಾಗಿಯೇ ಬರುತ್ತದೆ, ಹೆಸರು ಮಾತ್ರ ಬರುವುದಿಲ್ಲ. ಕೆಲವು ಅಗ್ಗದ ಕೇಬಲುಗಳಲ್ಲಿ ಒಂದೆರಡು ಪಿನ್ ಹಾಕುವುದೇ ಇಲ್ಲ. ತೆಗೆದುಕೊಳ್ಳುವಾಗ ಮೂತಿ ನೋಡಿ, ಎಣಿಸಿ. ಒಂಬತ್ತನೆಯದು ಮಾತ್ರ ಕೆಲವು ಒಳ್ಳೆಯ ಕೇಬಲಿನಲ್ಲೂ ಇರುವುದಿಲ್ಲ, ಅದಕ್ಕೆ ಗಾಬರಿ ಬೇಡ.

ನಮ್ಮ ಕಡೆ ಇನ್ನೊಂದು ಕಷ್ಟ ಉಂಟು, ಬಯಲುಸೀಮೆಯವರಿಗೆ ಹೇಳಿದರೆ ನಂಬುವುದಿಲ್ಲ. ಸಮುದ್ರದ ಗಾಳಿ. ಮಲ್ಪೆ, ಕಾಪು, ಉಳ್ಳಾಲ, ಕಡಲಿಗೆ ಹತ್ತಿರದ ಯಾವ ಮನೆಯಲ್ಲೂ ಎರಡು ಮಳೆಗಾಲ ಸುಮ್ಮನೆ ಚುಚ್ಚಿಟ್ಟ ಕೇಬಲನ್ನು ಎಳೆದು ನೋಡಿ. ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಕೂತಿರುತ್ತದೆ, ತಾಮ್ರದ ಹಂಡೆಯ ಕಂಠದಲ್ಲಿ ಕೂರುತ್ತದಲ್ಲ, ಅದೇ. ಹುಳಿ ಹಾಕಿ ಉಜ್ಜಬೇಡಿ ಮತ್ತೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸಿಗುತ್ತದೆ, ಹಳೆ ಟೂತ್‌ಬ್ರಶ್ಶಿಗೆ ಎರಡು ಹನಿ ಹಾಕಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಚುಚ್ಚಿ. ಅರ್ಧಕ್ಕರ್ಧ ಕೇಸು ಅಲ್ಲೇ ಮುಗಿಯುತ್ತದೆ ಅಂತ ನನ್ನ ಅನುಭವ. ಒಂದು ಕಮಾಂಡೂ ಬೇಡ.

ಹೊರಗಿನ ಪರದೆಯ ಮಾತು ಇದು. ಲ್ಯಾಪ್‌ಟಾಪಿನ ಸ್ವಂತ ಪರದೆಯೇ 1024ಕ್ಕೆ ಸಿಕ್ಕಿಹಾಕಿಕೊಂಡರೆ? ಅಲ್ಲಿ ಕೇಬಲ್ ಅನುಮಾನ ಕೊನೆಗೆ, ಮೊದಲು ನೋಡಬೇಕಾದ್ದು ಡ್ರೈವರ್, ಅಂದರೆ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶ. ನನ್ನದೇ ಕತೆ ಹೇಳುತ್ತೇನೆ. ಪಕ್ಕದ ಮನೆಯ ಟೀಚರ ಲ್ಯಾಪ್‌ಟಾಪಿಗೆ ನಾನೇ ಲಿನಕ್ಸ್ ಹಾಕಿ ಕೊಟ್ಟಿದ್ದೆ. ಒಂದು ವಾರದ ಮೇಲೆ ಟೀಚರು ಫೋನ್ ಮಾಡಿದರು. "ಅಕ್ಷರ ಎಲ್ಲ ಊದಿಕೊಂಡ ಹಾಗೆ ಉಂಟು, ವಿಡಿಯೊ ಹಾಕಿದರೆ ಫ್ಯಾನು ವಿಮಾನದ ಹಾಗೆ ಕೂಗ್ತದೆ." ಹೋಗಿ ಕೂತೆ. ಎರಡು ಗಂಟೆ ರೆಸಲ್ಯೂಷನ್ ಬದಲಿಸುವ ಕಮಾಂಡಾದ ಎಕ್ಸ್‌ರ್ಯಾಂಡರ್ ಜೊತೆ ಗುದ್ದಾಡಿದೆ. ಟೀಚರು ಎರಡು ಸಲ ಚಹಾ ತಂದಿಟ್ಟರು, ಮೂರನೇ ಸಲ ಕೇಳಲಿಲ್ಲ. ಕೊನೆಗೆ ಕರ್ನಲ್ ಯಾವ ಮಾತು ಕೇಳಿ ಎದ್ದಿದೆ ಅಂತ ನೋಡುವ ಮನಸ್ಸಾಯಿತು. ಪ್ರೊಕ್ ಫೋಲ್ಡರಿನ ಒಳಗೆ ಸಿಎಮ್‌ಡಿಲೈನ್ ಅಂತ ಒಂದು ಫೈಲ್ ಉಂಟು, ಅದನ್ನು ಕ್ಯಾಟ್ ಮಾಡಿದೆ. ಸಾಲಿನ ಕೊನೆಗೆ ಒಂದು ಪದ: ನೋಮೋಡ್‌ಸೆಟ್. ಅದನ್ನು ಹಾಕಿದವನು ನಾನೇ! ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾಗಿತ್ತು. ಆಗ ಸೇಫ್ ಗ್ರಾಫಿಕ್ಸ್ ಆಯ್ಕೆ ಒತ್ತಿ ಮುಂದುವರಿದಿದ್ದೆ, ಮರೆತು ಮನೆಗೆ ಹೋಗಿದ್ದೆ.

ನೋಮೋಡ್‌ಸೆಟ್ ಅಂದರೆ, ಪರದೆಯ ಮೋಡ್, ಅಂದರೆ ರೆಸಲ್ಯೂಷನ್ ಮತ್ತು ವೇಗ, ಹೊಂದಿಸುವ ಕೆಲಸಕ್ಕೆ ನೀನು ಕೈ ಹಾಕಬೇಡ ಅಂತ ಕರ್ನಲ್ಲಿಗೆ ಹೇಳಿದ ಹಾಗೆ. ಆ ಕೆಲಸ ಕರ್ನಲ್ಲಿಗೆ ಬಂದದ್ದು 2009ರಲ್ಲಿ, ಅದರ 2.6.29ನೇ ಆವೃತ್ತಿಯಲ್ಲಿ, ಮೊದಲು ಇಂಟೆಲ್ ಗ್ರಾಫಿಕ್ಸಿಗೆ. ಇನ್‌ಸ್ಟಾಲ್ ಹೊತ್ತಿಗೆ ಊರುಗೋಲಿನ ಹಾಗೆ ಒಳ್ಳೆಯದೇ, ಆಮೇಲೂ ಹಿಡಿದುಕೊಂಡೇ ನಡೆದರೆ ಕಾಲು ಉಪಯೋಗಕ್ಕೆ ಬರುವುದಿಲ್ಲ. ಇಟಿಸಿ ಫೋಲ್ಡರಿನ ಡಿಫಾಲ್ಟ್ ಒಳಗೆ ಗ್ರಬ್ ಅನ್ನುವ, ಕರ್ನಲ್ಲಿಗೆ ಏಳುವಾಗ ಏನು ಹೇಳಬೇಕು ಅಂತ ಬರೆದಿಡುವ ಫೈಲ್ ತೆರೆದು, ಕ್ವೈಟ್ ಸ್ಪ್ಲಾಶ್ ಅಂತ ಇರುವ ಸಾಲಿನಿಂದ ಆ ಪದ ಅಳಿಸಿದೆ. ಸುಡೋ ಅಪ್‌ಡೇಟ್-ಗ್ರಬ್. ರೀಸ್ಟಾರ್ಟ್. 1920 × 1080. ಟೀಚರಿಗೆ ಕಾರಣ ಏನಂತ ಹೇಳಲಿಲ್ಲ, ಇವತ್ತು ಮೊದಲ ಸಲ ಬಾಯಿಬಿಡುತ್ತಿದ್ದೇನೆ.

ಡ್ರೈವರ್ ಯಾವುದು ನಡೆಯುತ್ತಿದೆ ಅಂತ ತಿಳಿಯಲು ಎಲ್‌ಎಸ್‌ಪಿಸಿಐ ಮೈನಸ್ ಕೆ. ಗ್ರಾಫಿಕ್ಸ್ ಸಾಲಿನ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಅಂತ ಬರಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಐ915, ಎಎಮ್‌ಡಿ ಆದರೆ ಎಎಮ್‌ಡಿಜಿಪಿಯು, ಎನ್ವಿಡಿಯಾ ಆದರೆ ನೂವೊ ಅಥವಾ ಎನ್ವಿಡಿಯಾದ್ದೇ ಡ್ರೈವರ್. ಆ ಸಾಲೇ ಇಲ್ಲದಿದ್ದರೆ ರೆಸಲ್ಯೂಷನ್ ವಿಷಯ ಮರೆತು ಡ್ರೈವರಿನ ಹಿಂದೆ ಹೋಗಿ. ಎನ್ವಿಡಿಯಾ ಹಾಕಿಕೊಂಡವರಲ್ಲಿ ಒಂದು ಸಾಮಾನ್ಯ ತಪ್ಪು: ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡದ ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ, ಮುಂದಿನ ಸಲ ಆನ್ ಮಾಡುವಾಗ ನೀಲಿ ಪರದೆ ಬರುತ್ತದೆ. ಹೆದರಿ ಕಂಟಿನ್ಯೂ ಒತ್ತಿಬಿಡುತ್ತಾರೆ. ಅಲ್ಲಿ ಎನ್‌ರೋಲ್ ಎಮ್‌ಒಕೆ ಅಂತ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಕೊಡದಿದ್ದರೆ ಡ್ರೈವರ್ ಡಿಸ್ಕಿನಲ್ಲಿ ಇದ್ದೂ ಒಳಗೆ ಬರುವುದಿಲ್ಲ.

ಈಗ ಸ್ವಲ್ಪ ದಾರಿ ತಪ್ಪುತ್ತೇನೆ, ಆದರೆ ಕನ್ನಡ ಓದುವವರಿಗೆ ಇದು ಬೇಕು. ನಮ್ಮ ದೊಡ್ಡಪ್ಪ ಬೆಳಗ್ಗೆ ಲ್ಯಾಪ್‌ಟಾಪಿನಲ್ಲೇ ಪೇಪರ್ ಓದುವವರು. 14 ಇಂಚಿನ ಪರದೆ, 1920 × 1080. ಅಕ್ಷರ ಸಣ್ಣದಾಯಿತು ಅಂದರು. ಮೊಮ್ಮಗ ರೆಸಲ್ಯೂಷನ್ನನ್ನು 1280 × 720ಕ್ಕೆ ಇಳಿಸಿ ಕೊಟ್ಟ. ಅಕ್ಷರ ದೊಡ್ಡದಾಯಿತು. ಮರುದಿನ ದೊಡ್ಡಪ್ಪ ನನ್ನನ್ನು ಕರೆದು, "ಇದೆಂತದು ಮಾರಾಯ, ರಾಷ್ಟ್ರ ಅಂತ ಬರೆದದ್ದೋ ರಾಷ್ಟ ಅಂತ ಬರೆದದ್ದೋ ಗೊತ್ತಾಗುವುದಿಲ್ಲ" ಅಂದರು. ಹತ್ತಿರ ಹೋಗಿ ನೋಡಿದೆ. ಷಕಾರದ ಕೆಳಗಿನ ಎರಡು ಒತ್ತು ಸೇರಿ ಒಂದು ಮಸಿಯ ಬೊಟ್ಟು ಆಗಿತ್ತು.

ಎಲ್‌ಸಿಡಿ ಪರದೆಯಲ್ಲಿ ಚುಕ್ಕಿಗಳು ಲೆಕ್ಕ ಹಾಕಿ ಕೂರಿಸಿದಂಥವು, ಅಡ್ಡಕ್ಕೆ 1920, ಉದ್ದಕ್ಕೆ 1080. ನೀವು 1280 ಕೊಟ್ಟರೆ ಒಂದು ಚುಕ್ಕಿಯನ್ನು ಒಂದೂವರೆ ಚುಕ್ಕಿಯ ಮೇಲೆ ಹರಡಬೇಕು. ಅರ್ಧ ಚುಕ್ಕಿ ಅಂತ ಒಂದಿಲ್ಲ, ಹಾಗಾಗಿ ಬೂದು ಬಣ್ಣ ಬಳಿದು ಸುಧಾರಿಸುತ್ತದೆ. ಇಂಗ್ಲಿಷ್ ಅಕ್ಷರ ಇದನ್ನು ಹೇಗೋ ತಡೆದುಕೊಳ್ಳುತ್ತದೆ. ನಮ್ಮ ಒತ್ತಕ್ಷರ ಮೊದಲೇ ಸಣ್ಣದು, ಅದರ ಕೆಳಗೆ ಇನ್ನೊಂದು ಬಂದರೆ ಮುಗಿಯಿತು. ಅಕ್ಷರ ಸಣ್ಣದು ಅನಿಸಿದರೆ ರೆಸಲ್ಯೂಷನ್ ಮುಟ್ಟಲೇಬೇಡಿ. ಸ್ಕೇಲಿಂಗ್ ಶೇಕಡಾ 125 ಮಾಡಿ, ಅಥವಾ ಆಕ್ಸೆಸಿಬಿಲಿಟಿಯಲ್ಲಿ ಲಾರ್ಜ್ ಟೆಕ್ಸ್ಟ್ ಆನ್ ಮಾಡಿ. ಆಗ ಅದೇ ಅಕ್ಷರಕ್ಕೆ ಜಾಸ್ತಿ ಚುಕ್ಕಿ ಸಿಗುತ್ತದೆ, ಒತ್ತು ಬಿಡಿಬಿಡಿಯಾಗಿ ಕಾಣುತ್ತದೆ. ದೊಡ್ಡಪ್ಪನ ರಾಷ್ಟ್ರಕ್ಕೆ ರಕಾರ ಮರಳಿ ಬಂತು.

ಟೀವಿಗೆ ಚುಚ್ಚಿದಾಗ ಅಂಚು ಕತ್ತರಿಸಿ ಹೋಗುವುದು ಇನ್ನೊಂದು. ಅದು ಲಿನಕ್ಸಿನ ತಪ್ಪಲ್ಲ, ಹಳೆ ಡಬ್ಬಿ ಟೀವಿ ಕಾಲದ ಅಭ್ಯಾಸ. ಟೀವಿಯ ಚಿತ್ರದ ಮೆನುವಿನಲ್ಲಿ ಜಸ್ಟ್ ಸ್ಕ್ಯಾನ್ ಅಂತಲೋ ಸ್ಕ್ರೀನ್ ಫಿಟ್ ಅಂತಲೋ ಇರುತ್ತದೆ, ಅದನ್ನು ಆರಿಸಿ. ಮುಗಿಯಿತು.

ಪರಿಚಯ ಆಗದೆ ಇದ್ದಾಗ, ಕೇಬಲ್ ಬದಲಿಸಲೂ ಆಗದೆ ಇದ್ದಾಗ, ಆಗ ಮಾತ್ರ ಬಲವಂತ. ಬಲವಂತದ ಸಾಧನವೇ ಎಕ್ಸ್‌ರ್ಯಾಂಡರ್. ಬರೆಯುವಾಗ ಎಕ್ಸ್, ಆರ್, ಎ, ಎನ್, ಡಿ, ಆರ್, ಆರೇ ಅಕ್ಷರ. ಆದರೆ ಮೊದಲು ನೀವು ಎಕ್ಸ್‌ಆರ್ಗ್‌ನಲ್ಲಿ ಇದ್ದೀರೋ ವೇಲ್ಯಾಂಡಿನಲ್ಲಿ ಇದ್ದೀರೋ ನೋಡಿ, ಪರದೆಗೆ ಚಿತ್ರ ಕಳಿಸುವ ಎರಡು ವ್ಯವಸ್ಥೆಗಳು ಅವು. ಸೆಟ್ಟಿಂಗ್ಸಿನ ಅಬೌಟ್ ಒಳಗೆ ಇರುತ್ತದೆ. ವೇಲ್ಯಾಂಡ್ ಆದರೆ ಎಕ್ಸ್‌ರ್ಯಾಂಡರ್ ಪಟ್ಟಿ ತೋರಿಸಿದರೂ ಹೊಸ ಮೋಡ್ ಸೇರಿಸಲು ಬಿಡುವುದಿಲ್ಲ. ಲಿನಕ್ಸಿನ ಒಂದು ಬಗೆಯಾದ ಉಬುಂಟುವಿನಲ್ಲಿ 21.04ನೇ ಆವೃತ್ತಿಯಿಂದ ವೇಲ್ಯಾಂಡೇ ಮೊದಲು ಬರುವುದು, ಲಾಗಿನ್ ಹೊತ್ತಿಗೆ ಮೂಲೆಯ ಹಲ್ಲುಚಕ್ರ ಒತ್ತಿ ಎಕ್ಸ್‌ಆರ್ಗ್ ಆರಿಸಬಹುದಿತ್ತು. 25.10ರಿಂದ ಆ ದಾರಿಯೂ ಇಲ್ಲ. ಆಗ ಗ್ರಬ್ ಫೈಲಿನ ಅದೇ ಸಾಲಿನಲ್ಲಿ ವಿಡಿಯೊ ಈಕ್ವಲ್ಸ್, ಕಿಂಡಿಯ ಹೆಸರು, ಕೋಲನ್, ರೆಸಲ್ಯೂಷನ್ ಅಂತ ಬರೆಯಬೇಕು. ಕಿಂಡಿಯ ಹೆಸರಿನಲ್ಲಿ ಎಡವಬೇಡಿ. ಎಕ್ಸ್‌ರ್ಯಾಂಡರ್ ಎಚ್‌ಡಿಎಮ್‌ಐ-1 ಅನ್ನುವುದನ್ನು ಕರ್ನಲ್ ಎಚ್‌ಡಿಎಮ್‌ಐ-ಎ-1 ಅನ್ನುತ್ತದೆ. ಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು.

ಸುರತ್ಕಲ್ಲಿನಲ್ಲಿ ಓದುವ ನನ್ನ ಅಕ್ಕನ ಮಗ ಒಂದು ರಾತ್ರಿ ಫೋನ್ ಮಾಡಿದ. "ಮಾವ, ಎಲ್ಲ ಸರಿ ಹಾಕಿದ್ದೇನೆ, ಕಾನ್ಫಿಗರ್ ಸಿಆರ್‌ಟಿಸಿ ಝೀರೋ ಫೇಲ್ಡ್ ಅಂತ ಬರ್ತದೆ." ಹಳೆ ಮಾನಿಟರ್, ನಡುವೆ ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಮ್‌ಐಗೆ ತಿರುಗಿಸುವ ಅಗ್ಗದ ಅಡಾಪ್ಟರ್. ಪೀಠಿಕೆ ಬರುತ್ತಿರಲಿಲ್ಲ. ಅವನು ಮೋಡಿನ ಲೆಕ್ಕ ಹಾಕಿಕೊಡುವ ಸಿವಿಟಿ ಕಮಾಂಡಿಗೆ 1920 1080 ಅಂತ ಕೊಟ್ಟಿದ್ದ, ಬಂದ ಮೋಡ್‌ಲೈನನ್ನೇ ಸೇರಿಸಿದ್ದ. ಆ ಸಾಲಿನ ಮೊದಲ ಸಂಖ್ಯೆ ಓದು ಅಂದೆ. 173 ಅಂದ. ಅಲ್ಲಿತ್ತು ತೊಂದರೆ.

ಆ 173 ಎಲ್ಲಿಂದ ಬಂತು? ನಿಮಗೆ ಕಾಣುವುದು 1920 × 1080. ಆದರೆ ತಂತಿಯಲ್ಲಿ ಹೋಗುವುದು 2576 × 1120. ಮಿಕ್ಕಿದ್ದು ಖಾಲಿ ಅಂಚು. ಹಳೆ ಡಬ್ಬಿ ಮಾನಿಟರಿನಲ್ಲಿ ಕಿರಣ ಒಂದು ಸಾಲು ಬರೆದು ಮುಗಿಸಿ ಎಡಕ್ಕೆ ವಾಪಸ್ ಬರಲು ಹೊತ್ತು ಬೇಕಿತ್ತು, ಟೈಪ್‌ರೈಟರಿನ ಗಾಡಿಯನ್ನು ತಳ್ಳಿದ ಹಾಗೆ. ಸಿವಿಟಿ ಆ ಹೊತ್ತನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಸೆಕೆಂಡಿಗೆ ಸುಮಾರು 60 ಸಲ ಅಂದರೆ 17 ಕೋಟಿ 30 ಲಕ್ಷ ಚುಕ್ಕಿ, 173 ಮೆಗಾಹರ್ಟ್ಸ್. ಅಂಥ ಅಡಾಪ್ಟರುಗಳ ಮಿತಿ 165. ಮೊದಮೊದಲ ಎಚ್‌ಡಿಎಮ್‌ಐಯ ಮಿತಿಯೂ ಅದೇ. ಬಾಗಿಲು ಸಣ್ಣದು, ಕಪಾಟು ದೊಡ್ಡದು.

ಎಲ್‌ಸಿಡಿಯಲ್ಲಿ ಕಿರಣವೇ ಇಲ್ಲ, ವಾಪಸ್ ಬರುವವರೂ ಇಲ್ಲ. ಸಿವಿಟಿಯ ಮುಂದೆ ಮೈನಸ್ ಆರ್ ಅಂತ ಸೇರಿಸು ಅಂದೆ. ಅಂಚು ಕಡಿಮೆಯಾಗಿ 2080 × 1111 ಆಯಿತು, ಸಂಖ್ಯೆ 138.5ಕ್ಕೆ ಇಳಿಯಿತು. ಹಾಕಿದ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ "ಬಂತು ಮಾವ" ಅಂದು ಫೋನ್ ಇಟ್ಟ. ಥ್ಯಾಂಕ್ಸ್ ಇಲ್ಲ, ಎಂತದೂ ಇಲ್ಲ.

1366 × 768 ಪರದೆ ಇರುವವರು ಇಲ್ಲಿ ಕೈಯೆತ್ತಿ. ತುಂಬ ಜನ ಇದ್ದೀರಿ. ನೀವು ಸಿವಿಟಿಗೆ 1366 ಕೊಟ್ಟರೆ ಅದು 1368 ಅಂತ ವಾಪಸ್ ಕೊಡುತ್ತದೆ. ನೀವು ತಪ್ಪು ಒತ್ತಿದ್ದಲ್ಲ. ಅದಕ್ಕೆ ಅಗಲ ಎಂಟರಿಂದ ಭಾಗ ಹೋಗಲೇಬೇಕು, 1366 ಹೋಗುವುದಿಲ್ಲ. ಕರ್ನಲ್ಲಿನ ಒಳಗೂ ಈ ಒಂದು ಸಂಖ್ಯೆಗೆ ಅಂತಲೇ ಬರೆದ ಒಂದು ಸಣ್ಣ ರಿಪೇರಿ ಉಂಟು, 1368 ಅಂತ ಬಂದದ್ದನ್ನು 1366 ಮಾಡುವುದಕ್ಕೆ. ಎರಡು ಚುಕ್ಕಿಗೆ ಇಷ್ಟೆಲ್ಲ.

ಸರಿ, ಈಗ ನಮ್ಮ ಮೊಟ್ಟೆ. ಲ್ಯಾಪ್‌ಟಾಪ್ ಹಳೆಯದು, ವಿಜಿಎ ಕಿಂಡಿ ಉಂಟು, ಒಳಗೆ ಮಿಂಟ್ ಅನ್ನುವ ಲಿನಕ್ಸ್, ಎಕ್ಸ್‌ಆರ್ಗ್. ಬೈಟ್ ಎಣಿಸುತ್ತೇನೆ: ಸೊನ್ನೆ. ನನ್ನ ಚೀಲದ ಮೋಟು ಕೇಬಲನ್ನು ಪ್ರೊಜೆಕ್ಟರಿಗೆ ನೇರ ಚುಚ್ಚುತ್ತೇನೆ. ಸ್ಟೂಲು ಯಾರಾದರೂ ಗಟ್ಟಿ ಹಿಡಿಯಿರಿ. ಎಣಿಸಿ: 128. ಅಂದರೆ ಪ್ರೊಜೆಕ್ಟರ್ ಸರಿ ಉಂಟು, ಲ್ಯಾಪ್‌ಟಾಪ್ ಸರಿ ಉಂಟು, ಗೋಡೆಯೊಳಗಿನ ಪೈಪಿನಲ್ಲಿ ಹೋದ ಉದ್ದ ಕೇಬಲೇ ಹೆಸರನ್ನು ನುಂಗುತ್ತಿದೆ. ಇವತ್ತು ಗೋಡೆ ಒಡೆಯಲು ಆಗುವುದಿಲ್ಲ. ಸ್ಟೂಲಿನ ಮೇಲೆ ನಿಂತು ಉಪನ್ಯಾಸ ಕೊಡಲೂ ಆಗುವುದಿಲ್ಲ. ಹಾಗಾಗಿ ಬಲವಂತ.

ಗೋಡೆಯ ಕೇಬಲ್ ವಾಪಸ್ ಚುಚ್ಚಿ. ಸಿವಿಟಿ 1280 800. ಬಂತು, 83.5. ವಿಜಿಎಗೆ ಇದು ಲೆಕ್ಕಕ್ಕೇ ಇಲ್ಲ. ಆ ಸಾಲನ್ನು ಎಕ್ಸ್‌ರ್ಯಾಂಡರ್ ನ್ಯೂಮೋಡ್‌ಗೆ ಕೊಡುತ್ತೇನೆ. ಆಡ್‌ಮೋಡ್‌ನಿಂದ ವಿಜಿಎ-1ಕ್ಕೆ ಸೇರಿಸುತ್ತೇನೆ. ಔಟ್‌ಪುಟ್ ವಿಜಿಎ-1, ಮೋಡ್ ಅದೇ ಹೆಸರು. ಎಂಟರ್. ಒಮ್ಮೆ ಕಪ್ಪಾಗುತ್ತದೆ, ಗಾಬರಿ ಬೇಡ. ಹಾ, ಬಂತು. ಹಿಂದಿನ ಸಾಲಿನವರಿಗೆ ಉರುಟು ಕಾಣುತ್ತಿದೆಯಾ?

ರೀಸ್ಟಾರ್ಟ್ ಮಾಡಿದರೆ ಇದು ಹೋಗುತ್ತದೆ. ಅದಕ್ಕೆ ಈ ಮೂರು ಸಾಲನ್ನು ಒಂದು ಫೈಲಿನಲ್ಲಿ ಬರೆದು ಈ ಸಭಾಂಗಣದ ಕಂಪ್ಯೂಟರಿನಲ್ಲೂ ಇಟ್ಟು ಹೋಗುತ್ತೇನೆ. ಫೈಲಿನ ಹೆಸರು 'ಗೋಡೆ ಕೇಬಲ್'. ಕೇಬಲ್ ಬದಲಿಸಿದ ದಿನ ಅಳಿಸಿಬಿಡಿ.